ಹಳೆ ಬಿಳಿ ಜುಬ್ಬಕ್ಕೆ ಮನೆಯಲ್ಲೇ ಬಣ್ಣ: ಬಿಡದ ಹಾಗೆ ಹಾಕುವುದು ಹೇಗೆ?

ಬಟ್ಟೆ ಅಂಗಡಿಯಲ್ಲಿ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: "ಬಣ್ಣ ಬಿಡಲ್ಲ ತಾನೇ?" ಬಟ್ಟೆಯನ್ನು ಮುಟ್ಟಿ ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಬಣ್ಣದ ಕಣ ನೂಲಿಗೆ ಹೇಗೆ ಅಂಟಿಕೊಂಡಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ನಾನು ಇದನ್ನು ಕಲಿತದ್ದು ಅಪ್ಪನ ಬಿಳಿ ಜುಬ್ಬದಿಂದ. ಕತ್ತಿನ ಹತ್ತಿರ ಹಳದಿ ಕಲೆಯಾಗಿತ್ತು, ಬಟ್ಟೆ ಮಾತ್ರ ಇನ್ನೂ ಗಟ್ಟಿಯಾಗಿತ್ತು. ಎಸೆಯಲು ಮನಸ್ಸಾಗಲಿಲ್ಲ. ಒಂದು ಪೊಟ್ಟಣ ನೀಲಿ ಬಣ್ಣ ತಂದು, ಉಪ್ಪು ಹಾಕಿ ಕುದಿಸಿ, ಹಿಂಡಿ ಒಣಹಾಕಿದೆ. ಬಣ್ಣ ತುಂಬ ಚೆನ್ನಾಗಿ ಬಂದಿತ್ತು. ಎರಡನೇ ಒಗೆತಕ್ಕೆ ಬಕೆಟ್ ನೀರೆಲ್ಲ ನೀಲಿ. ಜೊತೆಗೆ ನೆನೆಸಿದ್ದ ಅಮ್ಮನ ಕೈಮಗ್ಗದ ಸೀರೆಗೂ ನೀಲಿ ಹತ್ತಿತ್ತು. ಆ ದಿನ ತುಂಬ ಬೇಜಾರಾಯಿತು. ಆಮೇಲೆ ಓದಿ, ಕೇಳಿ, ಮಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದೇ ಜುಬ್ಬಕ್ಕೆ ಮತ್ತೆ ಬಣ್ಣ ಹಾಕಿದ ಲೆಕ್ಕವೇ ಇಲ್ಲಿರುವ ಲೆಕ್ಕ.

ಮೊದಲು ಸ್ವಲ್ಪ ಕೆಮಿಸ್ಟ್ರಿ

ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುತ್ತದೆ, ನೋಡಿದ್ದೀರಿ ಅಲ್ವಾ? ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಣುವಿನಲ್ಲಿ ಒಂದು ಬಿಟ್ಟು ಒಂದರಂತೆ ಜೋಡಿ ಬಂಧಗಳ ಸಾಲಿದೆ. ಆ ಸಾಲಿನ ಉದ್ದಕ್ಕೂ ಎಲೆಕ್ಟ್ರಾನುಗಳು ಹರಡಿಕೊಂಡಿರುತ್ತವೆ. ಅವು ಬೆಳಕಿನ ಒಂದು ಭಾಗವನ್ನು ಹೀರಿಕೊಳ್ಳುತ್ತವೆ. ಉಳಿದ ಭಾಗ ನಮ್ಮ ಕಣ್ಣಿಗೆ ಬಣ್ಣವಾಗಿ ಕಾಣುತ್ತದೆ. ಸೋಪಿನ ಕ್ಷಾರ ತಾಗಿದಾಗ ಆ ಎಲೆಕ್ಟ್ರಾನುಗಳ ಹರಡಿಕೆ ಬದಲಾಗುತ್ತದೆ, ಹಳದಿ ಹೋಗಿ ಕೆಂಪು ಬರುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುವುದೂ ಇದರಿಂದಲೇ.

ಕಾರ್ಖಾನೆಯ ಬಣ್ಣಗಳಲ್ಲೂ ನಡೆಯುವುದು ಇದೇ. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಜೋ ಬಣ್ಣಗಳು. ಅಂದರೆ ಎರಡು ನೈಟ್ರೋಜನ್ ಪರಮಾಣುಗಳು ಜೋಡಿ ಬಂಧದಲ್ಲಿ ಕೈಹಿಡಿದು, ಎರಡು ಬದಿಯ ಬೆಂಜೀನ್ ಉಂಗುರಗಳನ್ನು ಸೇರಿಸಿರುತ್ತವೆ. ಉಂಗುರಗಳ ಮೇಲೆ ಏನು ಕೂರಿಸುತ್ತೀರಿ ಅನ್ನುವುದರ ಮೇಲೆ ಹಳದಿಯೋ ಕೆಂಪೋ ಕಪ್ಪೋ ತೀರ್ಮಾನವಾಗುತ್ತದೆ.

ಇನ್ನೊಂದು ವ್ಯತ್ಯಾಸ ತಿಳಿದಿರಬೇಕು. ಡೈ ನೀರಿನಲ್ಲಿ ಕರಗಿ ನೂಲಿನ ಒಳಗೆ ಇಳಿಯುತ್ತದೆ. ಪಿಗ್ಮೆಂಟ್ ಕರಗುವುದಿಲ್ಲ. ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿ ನೆನಪಿದೆಯಾ? ಅಲ್ಟ್ರಾಮರೀನ್ ಎಂಬ ಆ ಪಿಗ್ಮೆಂಟ್ ಕಲಕಿದಾಗ ತೇಲುತ್ತದೆ, ಬಿಟ್ಟರೆ ಬಕೆಟ್ಟಿನ ತಳ ಸೇರುತ್ತದೆ. ಅದಕ್ಕೇ ಸರಿಯಾಗಿ ಕಲಕದಿದ್ದರೆ ಬಟ್ಟೆಯ ಮೇಲೆ ನೀಲಿ ಚುಕ್ಕೆ. ಪಿಗ್ಮೆಂಟನ್ನು ಬಟ್ಟೆಯ ಮೇಲೆ ನಿಲ್ಲಿಸಲು ಬೈಂಡರ್ ಎಂಬ ಅಂಟು ಬೇಕೇ ಬೇಕು. ಟೀ ಶರ್ಟಿನ ಮೇಲಿನ ಚಿತ್ರ ಕೈಗೆ ಒರಟಾಗಿ ಸಿಗುವುದಕ್ಕೆ ಈ ಅಂಟೇ ಕಾರಣ. ಮನೆಯಲ್ಲಿ ಫ್ಯಾಬ್ರಿಕ್ ಪೇಂಟ್ ಮಾಡಿದರೆ ಒಂದು ದಿನ ಒಣಗಿಸಿ, ಹಿಂಬದಿಯಿಂದ ಬಿಸಿ ಇಸ್ತ್ರಿ ಹಾಕಿ. ಆ ಬಿಸಿಗೆ ಬೈಂಡರ್ ಗಟ್ಟಿಯಾಗುತ್ತದೆ. ಇಡೀ ಬಟ್ಟೆಗೆ ಬಣ್ಣ ಹಾಕಲು ಮಾತ್ರ ಡೈ ಬೇಕು.

ಯಾವ ಡೈ?

ನನ್ನ ಮೊದಲ ಪೊಟ್ಟಣದಲ್ಲಿದ್ದದ್ದು ಡೈರೆಕ್ಟ್ ಡೈ. 1884ರಲ್ಲಿ ಬಂದ ಕಾಂಗೋ ರೆಡ್ ಈ ಗುಂಪಿನ ಮೊದಲನೆಯದು. ಉದ್ದನೆಯ, ಚಪ್ಪಟೆಯಾದ ಅಣುಗಳು. ಹತ್ತಿಯ ನೂಲಿಗೆ ಮೈಯೊಡ್ಡಿ ಮಲಗಿದ ಹಾಗೆ ಕೂರುತ್ತವೆ, ಅಷ್ಟೆ. ಹಿಡಿತ ಸಡಿಲ. ಪ್ರತಿ ಒಗೆತಕ್ಕೂ ಸ್ವಲ್ಪ ಸ್ವಲ್ಪ ಎದ್ದು ನೀರಿಗೆ ಬರುತ್ತವೆ.

ಹತ್ತಿಗೆ ನಾನು ಈಗ ಬಳಸುವುದು ರಿಯಾಕ್ಟಿವ್ ಡೈ. ಇದರ ಕಥೆ ಹೇಳಲೇಬೇಕು. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ 18 ವರ್ಷದ ಹುಡುಗ ಮಲೇರಿಯಾಕ್ಕೆ ಕ್ವಿನೈನ್ ತಯಾರಿಸಲು ಹೊರಟಿದ್ದ. ಸಿಕ್ಕಿದ್ದು ನೇರಳೆ ಬಣ್ಣ. ಕಾರ್ಖಾನೆಯ ಬಣ್ಣಗಳ ಕಾಲ ಶುರುವಾದದ್ದು ಅಲ್ಲಿಂದ. ಹತ್ತಿಯ ಜೊತೆ ನಿಜವಾಗಿ ರಾಸಾಯನಿಕ ಬಂಧ ಕಟ್ಟುವ ಬಣ್ಣ ಮಾರುಕಟ್ಟೆಗೆ ಬರಲು ಮಾತ್ರ ಸರಿಯಾಗಿ ನೂರು ವರ್ಷ ಬೇಕಾಯಿತು. ರಾಟಿ ಮತ್ತು ಸ್ಟೀಫನ್ ಎಂಬ ಇಬ್ಬರು ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಕಂಡುಹಿಡಿದ ಪ್ರೋಸಿಯಾನ್ ಬಣ್ಣಗಳು ಬಂದದ್ದು 1956ರಲ್ಲಿ. ಈ ಬಣ್ಣದ ಅಣುವಿಗೆ ಕ್ಲೋರಿನ್ ಇರುವ ಒಂದು ಕೊಂಡಿ ಇರುತ್ತದೆ. ಕ್ಷಾರದ ನೀರಿನಲ್ಲಿ ಆ ಕ್ಲೋರಿನ್ ಕಳಚಿ, ಅದರ ಜಾಗದಲ್ಲಿ ಹತ್ತಿಯೇ ಬಂದು ಸೇರುತ್ತದೆ. ಆಮೇಲೆ ಬಣ್ಣ ಬೇರೆ, ನೂಲು ಬೇರೆ ಅಲ್ಲ. ಎರಡೂ ಒಂದೇ ಅಣು.

ಅಂಗಡಿಯಲ್ಲಿ "ಕೋಲ್ಡ್ ಬ್ರ್ಯಾಂಡ್" ಅಥವಾ "ಎಂ ಬ್ರ್ಯಾಂಡ್" ರಿಯಾಕ್ಟಿವ್ ಬಣ್ಣ ಕೇಳಿ. ಕುದಿಸಬೇಕಾಗಿಲ್ಲ, ಉಗುರುಬೆಚ್ಚಗಿನ ನೀರು ಸಾಕು. ಡಬ್ಬದ ಮೇಲೆ ರೆಡ್ ಎಂ5ಬಿ, ಆರೆಂಜ್ ಎಂ2ಆರ್, ಬ್ಲೂ ಎಂಆರ್ ಅಂತೆಲ್ಲ ಬರೆದಿರುತ್ತದೆ. ಕೊನೆಯ ಅಕ್ಷರಕ್ಕೆ ಅರ್ಥವಿದೆ. ಬಿ ಇದ್ದರೆ ನೀಲಿ ಕಡೆಗೆ, ಆರ್ ಇದ್ದರೆ ಕೆಂಪಿನ ಕಡೆಗೆ ವಾಲುತ್ತದೆ. ಅಂಕಿ ದೊಡ್ಡದಾದಷ್ಟು ವಾಲು ಜಾಸ್ತಿ. ಹಾಗಾಗಿ ರೆಡ್ ಎಂ5ಬಿ ತಂದು ಕುಂಕುಮದ ಕೆಂಪು ಬರುತ್ತದೆ ಅಂದುಕೊಳ್ಳಬೇಡಿ, ರಾಣಿ ಬಣ್ಣ ಬರುತ್ತದೆ. ಕುಂಕುಮದ ಕೆಂಪು ಬೇಕಿದ್ದರೆ ಅದಕ್ಕೆ ಆರೆಂಜ್ ಎಂ2ಆರ್ ಬೆರೆಸಿ.

ನಿಮ್ಮ ಬಟ್ಟೆ ನಿಜವಾಗಿ ಹತ್ತಿಯಾ?

ಲೇಬಲ್ಲನ್ನು ನಂಬಬೇಡಿ. ಒಳಹೊಲಿಗೆಯಿಂದ ನಾಲ್ಕು ಎಳೆ ನೂಲು ಬಿಚ್ಚಿ. ಚಿಮಟದಲ್ಲಿ ಹಿಡಿದು, ಕೆಳಗೆ ನೀರು ಹಾಕಿದ ಸ್ಟೀಲ್ ತಟ್ಟೆ ಇಟ್ಟು, ಬೆಂಕಿ ತಾಗಿಸಿ.

ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿದರೆ ಹತ್ತಿ (ರೇಯಾನ್ ಕೂಡ ಹೀಗೇ ಉರಿಯುತ್ತದೆ, ಅದಕ್ಕೂ ಇದೇ ಬಣ್ಣ ನಡೆಯುತ್ತದೆ). ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುವ ಕಪ್ಪು ಗುಳಿಗೆ ಉಳಿದರೆ ರೇಷ್ಮೆ ಅಥವಾ ಉಣ್ಣೆ. ಕರಗಿ, ಕಪ್ಪು ಹೊಗೆ ಬಿಟ್ಟು, ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಬೂದಿಯ ಜೊತೆ ಗಟ್ಟಿ ಚೂರುಗಳೂ ಸಿಕ್ಕರೆ ಮಿಶ್ರ ಬಟ್ಟೆ. ಅದರ ಹತ್ತಿ ಭಾಗ ಮಾತ್ರ ಬಣ್ಣ ಹಿಡಿಯುವುದರಿಂದ ಒಟ್ಟು ಬಣ್ಣ ತಿಳಿಯಾಗಿ ಬರುತ್ತದೆ.

ಪಾಲಿಯೆಸ್ಟರ್‌ಗೆ ಮನೆಯಲ್ಲಿ ಕೈ ಹಾಕಬೇಡಿ. ಅದಕ್ಕೆ ಡಿಸ್ಪರ್ಸ್ ಡೈ ಬೇಕು, ಕಾರ್ಖಾನೆಗಳಲ್ಲಿ ಒತ್ತಡದ ಯಂತ್ರದಲ್ಲಿ ಸುಮಾರು 130 ಡಿಗ್ರಿ ಬಿಸಿಯಲ್ಲಿ ಹಾಕುತ್ತಾರೆ. ಇನ್ನೊಂದು ವಿಷಯ, ಜುಬ್ಬ ಹತ್ತಿಯದಾದರೂ ಹೊಲಿದ ದಾರ ಬಹಳ ಸಲ ಪಾಲಿಯೆಸ್ಟರ್ ಆಗಿರುತ್ತದೆ. ನೀಲಿ ಜುಬ್ಬದ ಮೇಲೆ ಬಿಳಿ ಹೊಲಿಗೆ ಎದ್ದು ಕಾಣುತ್ತದೆ. ನನಗೆ ಅದು ಚೆಂದವೇ ಅನ್ನಿಸುತ್ತದೆ. ಬೇಡ ಅನ್ನುವವರು ಮೊದಲೇ ನೋಡಿಕೊಳ್ಳಿ.

ಬೇಕಾದ ಸಾಮಾನು

ಅಪ್ಪನ ಜುಬ್ಬ ಒಣಗಿದಾಗ 250 ಗ್ರಾಂ ಇತ್ತು. ಎಲ್ಲ ಲೆಕ್ಕ ಒಣ ಬಟ್ಟೆಯ ತೂಕದ ಮೇಲೆ. ನೀರು ತೂಕದ 20 ಪಟ್ಟು, ಅಂದರೆ 5 ಲೀಟರ್. ಬಣ್ಣ ನೂರಕ್ಕೆ 2ರಂತೆ 5 ಗ್ರಾಂ. ಉಪ್ಪು ಲೀಟರಿಗೆ 50 ಗ್ರಾಂನಂತೆ 250 ಗ್ರಾಂ. ಸೋಡಾ ಲೀಟರಿಗೆ 15 ಗ್ರಾಂನಂತೆ 75 ಗ್ರಾಂ. ಇದು ಮಧ್ಯಮ ಬಣ್ಣಕ್ಕೆ. ತಿಳಿ ಬಣ್ಣಕ್ಕೆ ಒಂದೂಕಾಲು ಗ್ರಾಂ ಡೈ, 150 ಗ್ರಾಂ ಉಪ್ಪು ಸಾಕು. ಗಾಢ ಬೇಕಿದ್ದರೆ 10 ಗ್ರಾಂ ಡೈ, 350 ಗ್ರಾಂ ಉಪ್ಪು.

ಸೋಡಾ ಅಂದರೆ ಅಡುಗೆ ಸೋಡಾ ಅಲ್ಲ. ಅದು ಬೈಕಾರ್ಬೊನೇಟ್, ಅದರ ಕ್ಷಾರ ಸಾಲದು. ಬೇಕಾದದ್ದು ಸೋಡಾ ಆಶ್, ಅಂದರೆ ಸೋಡಿಯಂ ಕಾರ್ಬೊನೇಟ್. ಹರಳು ಹರಳಾದ ವಾಷಿಂಗ್ ಸೋಡಾದಲ್ಲಿ ತೂಕದ ಮೂರರಲ್ಲಿ ಎರಡು ಭಾಗಕ್ಕೆ ಸ್ವಲ್ಪ ಕಡಿಮೆ ಬರೀ ನೀರೇ ಇರುತ್ತದೆ. ಅದನ್ನು ಬಳಸಿದರೆ 75 ಗ್ರಾಂ ಬದಲು ಸುಮಾರು 200 ಗ್ರಾಂ ಹಾಕಿ. ಈ ಒಂದು ಲೆಕ್ಕ ತಪ್ಪಿದ್ದಕ್ಕೇ ಎಷ್ಟೋ ಜನರ ಬಣ್ಣ ಬಿಟ್ಟಿರುತ್ತದೆ.

ಉಪ್ಪು ಪುಡಿಯುಪ್ಪಾಗಿರಲಿ. ಕಲ್ಲುಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿರುತ್ತವೆ. ಬೋರ್‌ವೆಲ್ ನೀರಿನ ಗೋಳೂ ಇದೇ. ಗಡಸು ನೀರಿಗೆ ಸೋಡಾ ಬಿದ್ದಾಗ ಸುಣ್ಣದಂಥ ಮಡ್ಡಿ ಕೂತು ಬಣ್ಣ ಮಂಕಾಗುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದರಷ್ಟು ಒಳ್ಳೆಯದು ಯಾವುದೂ ಇಲ್ಲ.

ಪಾತ್ರೆ ಸ್ಟೀಲಿನದು ಅಥವಾ ಪ್ಲಾಸ್ಟಿಕ್ ಬಕೆಟ್. ಅಲ್ಯೂಮಿನಿಯಂ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಬಣ್ಣಕ್ಕೆ ಬಳಸಿದ ಪಾತ್ರೆ, ಚಮಚ ಮತ್ತೆ ಅಡುಗೆಮನೆಗೆ ಬರಬಾರದು. ಬಣ್ಣದ ಡಬ್ಬವೂ ಅಷ್ಟೆ. ಬಟ್ಟೆಗೆ, ಕಾಗದಕ್ಕೆ ಹಾಕುವ ರೋಡಮೈನ್-ಬಿ ಬಣ್ಣ ತಿನಿಸಿಗೆ ಸೇರುತ್ತಿದೆ ಅಂತ 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರವೇ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ, ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ನಿಷೇಧಿಸಬೇಕಾಯಿತು. ಮನೆಯಲ್ಲಿ ಮಕ್ಕಳಿದ್ದರೆ ಬೀಗ ಹಾಕಿಡಿ.

ಮಾಸ್ಕ್ ಮತ್ತು ಗ್ಲೌಸ್ ಕಡ್ಡಾಯ. ಇದನ್ನು ಸುಮ್ನೆ ಹೇಳುತ್ತಿಲ್ಲ. ರಿಯಾಕ್ಟಿವ್ ಡೈ ಹತ್ತಿಯ ಜೊತೆ ಬಂಧ ಕಟ್ಟುವ ಹಾಗೆಯೇ ನಮ್ಮ ಮೈಯ ಪ್ರೋಟೀನಿನ ಜೊತೆಗೂ ಕಟ್ಟುತ್ತದೆ. ಪುಡಿ ಉಸಿರಿನಲ್ಲಿ ಹೋಗಿ ಹೋಗಿ ಡೈಯಿಂಗ್ ಕೆಲಸಗಾರರಿಗೆ ಉಬ್ಬಸ ಬಂದ ಉದಾಹರಣೆಗಳಿವೆ. ಡಬ್ಬ ತೆರೆಯುವಾಗ ಫ್ಯಾನ್ ಆರಿಸಿ. ಪುಡಿ ನೀರಿನಲ್ಲಿ ಕರಗುವವರೆಗೂ ಮಾಸ್ಕ್ ತೆಗೆಯಬೇಡಿ.

ಕೆಲಸ ಶುರು

1. ಗಂಜಿ ತೆಗೆಯಿರಿ. ಬಟ್ಟೆಯಲ್ಲಿ ಗಂಜಿ, ಎಣ್ಣೆ, ಬೆವರು ಏನಿದ್ದರೂ ಅಲ್ಲಿ ಬಣ್ಣ ಇಳಿಯುವುದಿಲ್ಲ. ಲೀಟರಿಗೆ 2 ಗ್ರಾಂ ಸೋಡಾ, ಸ್ವಲ್ಪ ಸೋಪು ಹಾಕಿ ಅರ್ಧ ಗಂಟೆ ಕುದಿಸಿ, ಜಾಲಿಸಿ. ಸರಿಯಾಯಿತಾ ಅಂತ ನೋಡಲು, ಒಣಗಿದ ಮೇಲೆ ಒಂದು ಹನಿ ನೀರು ಬಿಡಿ. ತಕ್ಷಣ ಹೀರಿಕೊಳ್ಳಬೇಕು. ಹನಿ ಮುತ್ತಿನ ಹಾಗೆ ನಿಂತರೆ ಇನ್ನೊಮ್ಮೆ ಕುದಿಸಿ. ಹಳದಿ ಕಲೆ ಇದ್ದರೆ ಡೈ ಅದನ್ನು ಮುಚ್ಚುವುದಿಲ್ಲ. ಡೈ ಪಾರದರ್ಶಕ, ಕೆಳಗಿನ ಕಲೆ ಗಾಢವಾಗಿ ಇಣುಕುತ್ತದೆ. ಅಂಥ ಬಟ್ಟೆಗೆ ಗಾಢ ಬಣ್ಣವನ್ನೇ ಆರಿಸಿ.

2. ಬಣ್ಣ ಕರಗಿಸಿ. 5 ಗ್ರಾಂ ಪುಡಿಗೆ ಒಂದೆರಡು ಚಮಚ ತಣ್ಣೀರು ಹಾಕಿ, ರಾಗಿ ಗಂಟಾಗದ ಹಾಗೆ ಕಲಸುತ್ತೇವಲ್ಲ, ಹಾಗೆ ಕಲಸಿ. ಆಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರು ಸೇರಿಸಿ. ಕುದಿಯುವ ನೀರು ಬೇಡ. ತೆಳು ಬಟ್ಟೆಯಲ್ಲಿ ಸೋಸಿದರೆ ಚುಕ್ಕೆ ಬೀಳುವ ಭಯವಿಲ್ಲ.

3. ಬಕೆಟ್ಟಿಗೆ 5 ಲೀಟರ್ ನೀರು ಹಾಕಿ. 30ರಿಂದ 35 ಡಿಗ್ರಿ, ಅಂದರೆ ಕೈಗೆ ಬಿಸಿ ಅನ್ನಿಸಬಾರದು, ತಣ್ಣಗೂ ಇರಬಾರದು. ಕರಗಿಸಿದ ಬಣ್ಣ ಸೇರಿಸಿ. ಒದ್ದೆ ಮಾಡಿ ಹಿಂಡಿದ ಜುಬ್ಬವನ್ನು ಬಿಡಿಸಿ ಇಳಿಸಿ. ಒಣ ಬಟ್ಟೆ ಇಳಿಸಿದರೆ ಪಟ್ಟೆ ಪಟ್ಟೆಯಾಗುತ್ತದೆ. ಹತ್ತು ನಿಮಿಷ ತಿರುಗಿಸುತ್ತಿರಿ.

4. ಉಪ್ಪನ್ನು ಮೂರು ಸಲ ಹಾಕಿ, ಹತ್ತು ಹತ್ತು ನಿಮಿಷ ಬಿಟ್ಟು. ಪ್ರತಿ ಸಲ ಬಟ್ಟೆಯನ್ನು ಎತ್ತಿ ಹಿಡಿದು, ಉಪ್ಪು ಕರಗಿಸಿ, ಮತ್ತೆ ಇಳಿಸಿ. ಉಪ್ಪು ಯಾಕೆ ಅಂದರೆ, ನೀರಿನಲ್ಲಿ ಹತ್ತಿಯ ಮೈಮೇಲೆ ಸ್ವಲ್ಪ ಋಣ ವಿದ್ಯುತ್ ಇರುತ್ತದೆ. ಬಣ್ಣದ ಅಣುವಿಗೂ ಋಣ ವಿದ್ಯುತ್ತೇ. ಒಂದನ್ನೊಂದು ತಳ್ಳುತ್ತವೆ. ಉಪ್ಪಿನ ಸೋಡಿಯಂ ಅಯಾನುಗಳು ನಡುವೆ ನಿಂತು ಈ ಜಗಳ ಬಿಡಿಸುತ್ತವೆ, ಬಣ್ಣ ನೂಲಿನ ಹತ್ತಿರ ಬರುತ್ತದೆ. ಉಪ್ಪು ಬಣ್ಣವನ್ನು ಗಟ್ಟಿಮಾಡುತ್ತದೆ ಅನ್ನುವ ಮಾತು ತಪ್ಪು. ಅದು ಬರೀ ಹತ್ತಿರ ತರುತ್ತದೆ, ಬಂಧ ಕಟ್ಟುವುದು ಸೋಡಾ ಬಂದಮೇಲೆ. ಒಂದೇ ಸಲ ಎಲ್ಲ ಉಪ್ಪು ಸುರಿದರೆ ಬಣ್ಣ ಒಂದು ಕಡೆ ನುಗ್ಗಿ ಮಚ್ಚೆ ಮಚ್ಚೆಯಾಗುತ್ತದೆ.

5. ಕೊನೆಯ ಉಪ್ಪು ಹಾಕಿದ ಇಪ್ಪತ್ತು ನಿಮಿಷಕ್ಕೆ ಸೋಡಾ. ಬೇರೆ ಪಾತ್ರೆಯಲ್ಲಿ ಬಿಸಿನೀರಿನಲ್ಲಿ ಕರಗಿಸಿ, ಆರಿಸಿ, ಬಟ್ಟೆಯನ್ನು ಎತ್ತಿ ಹಿಡಿದು ಎರಡು ಸಲವಾಗಿ ಸೇರಿಸಿ. ಈಗ ನೀರಿನ ಪಿಎಚ್ 11ರ ಹತ್ತಿರ ಬರುತ್ತದೆ. ಇಲ್ಲಿಂದ ಒಂದು ಗಂಟೆ. ಮೊದಲ ಇಪ್ಪತ್ತು ನಿಮಿಷ ಕೈ ನಿಲ್ಲಿಸಬೇಡಿ, ಆಮೇಲೆ ಐದು ನಿಮಿಷಕ್ಕೊಮ್ಮೆ ತಿರುಗಿಸಿದರೆ ಸಾಕು. ಬಟ್ಟೆ ಯಾವಾಗಲೂ ನೀರಿನಲ್ಲಿ ಮುಳುಗಿರಲಿ.

ಟರ್ಕಾಯ್ಸ್, ಅಂದರೆ ನವಿಲುಗತ್ತಿನ ನೀಲಿ, ಸ್ವಲ್ಪ ಹಟಮಾರಿ. ಅದರ ಅಣುವಿನ ನಡುವೆ ತಾಮ್ರ ಕೂತಿದೆ, ಅಣು ತುಂಬ ದೊಡ್ಡದು, ನಿಧಾನವಾಗಿ ಇಳಿಯುತ್ತದೆ. ಅದಕ್ಕೆ ನೀರು ಇನ್ನಷ್ಟು ಬೆಚ್ಚಗಿರಲಿ, ಅರ್ಧ ಗಂಟೆ ಜಾಸ್ತಿ ಕೊಡಿ.

ಒಗೆಯುವುದು: ಇಲ್ಲೇ ಎಲ್ಲರೂ ಸೋಲುವುದು

ಸೋಡಾ ಬಿದ್ದಮೇಲೆ ಬಣ್ಣ ಹತ್ತಿಯ ಜೊತೆ ಮಾತ್ರ ಸೇರುವುದಿಲ್ಲ, ನೀರಿನ ಜೊತೆಗೂ ಸೇರುತ್ತದೆ. ನೀರಿನ ಜೊತೆ ಸೇರಿದ ಬಣ್ಣ ಸತ್ತ ಬಣ್ಣ. ಅದಕ್ಕೆ ಇನ್ನು ಬಂಧ ಕಟ್ಟುವ ಶಕ್ತಿಯಿಲ್ಲ. ಆದರೆ ನೋಡಲು ಅದೇ ಬಣ್ಣ, ನೂಲಿನೊಳಗೆ ಸುಮ್ನೆ ಕೂತಿರುತ್ತದೆ. ಹಾಕಿದ ಡೈನಲ್ಲಿ ಐದರಲ್ಲಿ ಒಂದು ಪಾಲು, ಕೆಲವು ಸಲ ಇನ್ನೂ ಜಾಸ್ತಿ, ಹೀಗೆ ಸಾಯುತ್ತದೆ. ಒಗೆದಾಗ ಬಿಡುವುದು ಈ ಸತ್ತ ಬಣ್ಣವೇ. ಅದನ್ನು ಮೊದಲ ದಿನವೇ ಹೊರಗೆ ಹಾಕಬೇಕು. ನಾಳೆಗೆ ಇರಲಿ ಅಂತ ಸೋಡಾ ಹಾಕಿದ ಬಣ್ಣದ ನೀರನ್ನು ಎತ್ತಿಡುವುದಕ್ಕೂ ಅರ್ಥವಿಲ್ಲ, ರಾತ್ರಿ ಕಳೆಯುವುದರೊಳಗೆ ಅದೆಲ್ಲ ಸತ್ತಿರುತ್ತದೆ.

ಮೊದಲು ಎರಡು ಮೂರು ಸಲ ತಣ್ಣೀರಿನಲ್ಲಿ ಜಾಲಿಸಿ. ಉಪ್ಪು, ಸೋಡಾ ಪೂರ್ತಿ ಹೋಗಬೇಕು. ಉಪ್ಪು ಉಳಿದಿದ್ದರೆ ಸತ್ತ ಬಣ್ಣವನ್ನೂ ನೂಲಿನ ಹತ್ತಿರವೇ ಹಿಡಿದಿಡುತ್ತದೆ. ಆಮೇಲೆ ದೊಡ್ಡ ಪಾತ್ರೆಯಲ್ಲಿ ಕುದಿಯುವ ಹತ್ತಿರದ ನೀರು, ಸ್ವಲ್ಪ ಲಿಕ್ವಿಡ್ ಸೋಪು, ಹದಿನೈದು ನಿಮಿಷ. ನೀರು ಬಣ್ಣವಾಗುತ್ತದೆ, ಗಾಬರಿಯಾಗಬೇಡಿ. ಚೆಲ್ಲಿ, ಹೊಸ ಬಿಸಿನೀರು ಹಾಕಿ ಮತ್ತೊಮ್ಮೆ. ಗಾಢ ಬಣ್ಣಕ್ಕೆ ಮೂರನೇ ಸಲವೂ ಬೇಕಾಗುತ್ತದೆ. ಬರೀ ತಣ್ಣೀರಿನಲ್ಲಿ ಇಪ್ಪತ್ತು ಸಲ ಜಾಲಿಸಿದರೂ ಈ ಕೆಲಸ ಆಗುವುದಿಲ್ಲ.

ಮುಗಿಯಿತಾ ಅಂತ ನೋಡಲು, ಒದ್ದೆ ಜುಬ್ಬದ ತುದಿಯ ಮೇಲೆ ಬಿಳಿ ಹತ್ತಿ ಬಟ್ಟೆ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿ ಬಿಳಿಯಾಗೇ ಉಳಿದರೆ ಆಯಿತು. ನೆರಳಿನಲ್ಲಿ ಒಣಹಾಕಿ.

ರೇಷ್ಮೆ ಇದ್ದರೆ

ರೇಷ್ಮೆ ಪ್ರೋಟೀನು, ಸೋಡಾದ ಕ್ಷಾರ ಅದಕ್ಕೆ ಆಗದು, ಹೊಳಪು ಹೋಗುತ್ತದೆ. ಅದಕ್ಕೆ ಆಸಿಡ್ ಡೈ ಮತ್ತು ವಿನಿಗರ್. ಹುಳಿಯಲ್ಲಿ ರೇಷ್ಮೆಯ ಮೈಗೆ ಧನ ವಿದ್ಯುತ್ ಬರುತ್ತದೆ, ಋಣ ವಿದ್ಯುತ್ತಿನ ಬಣ್ಣ ತಾನಾಗಿ ಬಂದು ಕೂರುತ್ತದೆ. 80ರಿಂದ 85 ಡಿಗ್ರಿ ಸಾಕು, ಕುದಿಸಬೇಡಿ. ಇಳಕಲ್ ಸೀರೆಯನ್ನಂತೂ ಮನೆಯಲ್ಲಿ ಮುಟ್ಟಲೇಬೇಡಿ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗು ಕೂಡಿಸಿ ನೇಯುವ ಸೀರೆ ಅದು. ಒಡಲಿಗೆ ಹಿತವಾದದ್ದು ಸೆರಗಿಗೆ ಹಾಳು.

ನ್ಯಾಫ್ತಾಲ್ ಎಂಬ ಹಳೆ ಬಗೆಯ ಅಜೋ ಬಣ್ಣಗಳೂ ಮನೆಗೆ ಬೇಡ. ಕಾಸ್ಟಿಕ್ ಸೋಡಾ, ನೈಟ್ರೈಟ್ ಎಲ್ಲ ಬೇಕಾಗುತ್ತದೆ. ಒಡೆದಾಗ ಕ್ಯಾನ್ಸರ್ ತರುವ ಅಮೀನುಗಳನ್ನು ಬಿಡುವ ಹಲವು ಅಜೋ ಬಣ್ಣಗಳನ್ನು ಭಾರತ 1997ರಲ್ಲಿ ನಿಷೇಧಿಸಿದೆ. ಹೆಸರು, ಲೇಬಲ್ ಇಲ್ಲದ ಬಿಡಿ ಪುಡಿಯನ್ನು ಅಗ್ಗ ಅಂತ ತರಬೇಡಿ.

ಉಳಿದ ನೀರು

ತಮಿಳುನಾಡಿನ ತಿರುಪ್ಪೂರಿನಲ್ಲಿ ಡೈಯಿಂಗ್ ಘಟಕಗಳ ನೀರು ನೊಯ್ಯಲ್ ನದಿಯನ್ನು ಹಾಳು ಮಾಡಿ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಘಟಕಗಳನ್ನೇ ಮುಚ್ಚಿಸಿತು. ಅಲ್ಲಿ ರೈತರ ಹೊಲ ಕೆಡಿಸಿದ್ದರಲ್ಲಿ ಕಣ್ಣಿಗೆ ಕಾಣುವ ಬಣ್ಣಕ್ಕಿಂತ ಕಾಣದ ಉಪ್ಪಿನ ಪಾಲು ದೊಡ್ಡದು. ನಮ್ಮ ಒಂದು ಬಕೆಟ್ಟಿನಲ್ಲೂ ಕಾಲು ಕಿಲೋ ಉಪ್ಪಿದೆ. ಅದನ್ನು ಗಿಡಕ್ಕೆ, ಬಾವಿಯ ಹತ್ತಿರ, ಮಳೆನೀರಿನ ಚರಂಡಿಗೆ ಚೆಲ್ಲಬೇಡಿ. ಒಳಚರಂಡಿಗೆ ಸೇರುವ ಟಾಯ್ಲೆಟ್ಟಿಗೆ ಹಾಕಿ. ಒಂದೊಂದೇ ಬಟ್ಟೆಗೆ ಒಂದೊಂದು ಬಕೆಟ್ ಮಾಡುವ ಬದಲು ಮೂರ್ನಾಲ್ಕು ಬಟ್ಟೆ ಸೇರಿಸಿ ಒಂದೇ ಸಲ, ಆದಷ್ಟು ಕಡಿಮೆ ನೀರಿನಲ್ಲಿ ಮಾಡಿ. ನೀರು ಕಡಿಮೆಯಾದರೆ ಉಪ್ಪು, ಸೋಡಾನೂ ಕಡಿಮೆ ಸಾಕು. ಉಳಿದ ಪುಡಿಯ ಡಬ್ಬವನ್ನು ತೇವ ತಾಗದ ಹಾಗೆ ಬಿಗಿಯಾಗಿ ಮುಚ್ಚಿ. ಗಾಳಿಯ ತೇವವೂ ಅದನ್ನು ನಿಧಾನವಾಗಿ ಸಾಯಿಸುತ್ತದೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬಟ್ಟೆಯ ತೂಕ, ಡೈ ಎಷ್ಟು, ಉಪ್ಪು ಎಷ್ಟು, ಎಷ್ಟು ಹೊತ್ತು, ಎಲ್ಲ ಬರೆದು, ಅದೇ ಬಕೆಟ್ಟಿನಲ್ಲಿ ಅದ್ದಿದ ಒಂದು ಬಿಳಿ ತುಂಡನ್ನು ಪಕ್ಕದಲ್ಲಿ ಪಿನ್ ಮಾಡಿ. ಪುಸ್ತಕದೊಳಗಿನ ತುಂಡಿಗೆ ಬಿಸಿಲು ತಾಗುವುದಿಲ್ಲ. ಅಪ್ಪ ಈಗಲೂ ಆ ಜುಬ್ಬ ಹಾಕಿಕೊಂಡು ಬೆಳಗ್ಗೆ ವಾಕಿಂಗ್ ಹೋಗುತ್ತಾರೆ. ಆಗೊಮ್ಮೆ ಈಗೊಮ್ಮೆ ಆ ತುಂಡನ್ನು ಅವರ ಹೆಗಲ ಮೇಲಿಟ್ಟು ನೋಡುತ್ತೇನೆ. ಹೆಗಲ ಹತ್ತಿರ ಬಿಸಿಲಿಗೆ ಸ್ವಲ್ಪ ಮಾಸಿದೆ. ಜೇಬಿನ ಒಳಗೆ ಎರಡೂ ಒಂದೇ ನೀಲಿ.